ಅಮಾನತ್ತಿಗಿಟ್ಟ ರೋಲು

ಶಿವಾಜಿನಗರ
23 ಜುಲೈ 2025

ಭವ್ಯ ಎನ್ನುವವರಿಗೆ,

ಇದು ಹಾಸಿಗೆ ಅಂಗಡಿಯ ಅಹ್ಮದ್ ಪಾಷಾ ಬರೆಸುತ್ತಿರುವ ಕಾಗದ. ನನಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರೆಯಲು ಬರುವುದಿಲ್ಲ. ನಾನು ಹೇಳಿದ್ದನ್ನು ನನ್ನ ಮಗಳು ಶಿರೀನ್ ಬರೆಯುತ್ತಿದ್ದಾಳೆ. ಅವಳು ಸ್ಕೂಲಿನಲ್ಲಿ ಕನ್ನಡ ಟೀಚರು. ಆದ್ದರಿಂದ ಭಾಷೆಯಲ್ಲಿ ತಪ್ಪಿರುವುದಿಲ್ಲ, ವಿಷಯದಲ್ಲೂ ಇರುವುದಿಲ್ಲ.

ಶನಿವಾರ ಮಧ್ಯಾಹ್ನ ನಮ್ಮ ಗಲ್ಲಿಯ ತಿರುವಿನಲ್ಲಿ ಒಂದು ಗೂಡ್ಸ್ ಆಟೋ ಸಿಕ್ಕಿಕೊಂಡು ನಿಂತಿತ್ತು. ಅದರ ಮೇಲೆ ಉದ್ದ ಕನ್ನಡಿಯ ಬೀರು ಕಟ್ಟಿದ್ದರು, ಯಾರದೋ ಮದುವೆಯದು. ನಾನು ಆ ಕನ್ನಡಿಯ ಮುಂದೆ ಒಂದು ಗಳಿಗೆ ನಿಂತಿದ್ದೆ. ಆಗ ಕ್ಲಿಕ್ ಎಂದಿತು. ತಿರುಗಿದರೆ ನೀವು. ಜನ ಸೇರಿ ಫೋಟೋ ತೋರಿಸಿ ಎಂದಾಗ ನೀವು ಕ್ಯಾಮೆರಾದ ಬೆನ್ನು ತೋರಿಸಿದಿರಿ. ಅಲ್ಲಿ ಕರಿ ಮುಚ್ಚಳ ಬಿಟ್ಟು ಇನ್ನೇನೂ ಇರಲಿಲ್ಲ. ಡಿಲೀಟ್ ಮಾಡಿ ಎಂದರೆ, ಇದು ಫಿಲ್ಮ್, ಡಿಲೀಟ್ ಆಗುವುದಿಲ್ಲ ಎಂದಿರಿ. ಮಕ್ಕಳ ಕೈಯಲ್ಲೂ ಮೊಬೈಲ್ ಇರುವ ಕಾಲದಲ್ಲಿ ತೆಗೆದ ಫೋಟೋ ತೋರಿಸದ ಕ್ಯಾಮೆರಾವನ್ನು ಯಾರಾದರೂ ಸುಮ್ಮನೆ ಇಟ್ಟುಕೊಂಡು ಓಡಾಡುತ್ತಾರೆಯೇ? ಗಲಾಟೆ ಜೋರಾದಾಗ ರೋಲ್ ಸುತ್ತಿ ಹೊರಗೆ ತೆಗೆದು, "ಇದು ನಿಮ್ಮ ಹತ್ರ ಅಮಾನತ್ ಇರ್ಲಿ ಸಾರ್" ಎಂದು ನನ್ನ ಕೈಗೆ ಕೊಟ್ಟು, ಜೋಗುಪಾಳ್ಯದ ವಿಳಾಸ ಬರೆದಿಟ್ಟು ಹೋದಿರಿ.

ನನ್ನ ಪ್ರಶ್ನೆಗಳು ಇವು. ನಿಮ್ಮನ್ನು ಕಳಿಸಿದವರು ಯಾರು? ಪೇಪರಿನವರೋ, ಪಕ್ಷದವರೋ, ಬಿಲ್ಡರೋ? ನಮ್ಮ ಗಲ್ಲಿಯೇ ಏಕೆ? ಆ ಗಳಿಗೆಯೇ ಏಕೆ? ಉತ್ತರ ಬರಹದಲ್ಲೇ ಇರಲಿ. ಫೋನಿನಲ್ಲಿ ಆಡಿದ ಮಾತನ್ನು ಹಾಗಂದಿಲ್ಲ ಎನ್ನುವುದು ಸುಲಭ.

ಆ ಫೋಟೋದಲ್ಲಿ ನಮ್ಮ ಮನೆಯ ಮರ್ಯಾದೆ ಇದೆ. ಇದನ್ನು ನೆನಪಿಟ್ಟುಕೊಂಡು ಬರೆಯಿರಿ.

ಇಂತಿ,
ಅಹ್ಮದ್ ಪಾಷಾ

ಇದು ಶಿರೀನ್ ಬರೆಯುತ್ತಿರುವುದು. ಅಬ್ಬಾ ನಮಾಜಿಗೆ ಹೋಗಿದ್ದಾರೆ. ಶನಿವಾರದಿಂದ ನನ್ನನ್ನು ಸ್ಕೂಲಿಗೆ ಕಳಿಸುತ್ತಿಲ್ಲ. ಸ್ಕೂಲು ಮರ್ಫಿ ಟೌನಿನಲ್ಲಿ, ನಾನು ದಿನಾ ಜೋಗುಪಾಳ್ಯದ ಮೇಲೇ ನಡೆದುಹೋಗುವುದು. ಏಕೆ ಎಂದು ಕೇಳಿದರೆ "ಆ ಫೋಟೋ ವಿಷ್ಯ ಮುಗೀಲಿ" ಎಂದಷ್ಟೇ ಹೇಳಿದರು. ಆ ಮಧ್ಯಾಹ್ನ ನಾನೂ ಅದೇ ಗಲ್ಲಿಯಲ್ಲಿದ್ದೆ. ಅವರಿಗೆ ಗೊತ್ತಿಲ್ಲ ಅಂದುಕೊಂಡಿದ್ದೆ. ಮನೆಯ ಮರ್ಯಾದೆ ಎಂದು ಬರೆಸುವಾಗ ಅವರು ಗೋಡೆ ನೋಡುತ್ತಿದ್ದರು. ದಯವಿಟ್ಟು ಹೇಳಿ, ಆ ಫೋಟೋದಲ್ಲಿ ನಾನಿದ್ದೀನಾ?

•

ಜೋಗುಪಾಳ್ಯ
28 ಜುಲೈ 2025

ಮಾನ್ಯ ಅಹ್ಮದ್ ಪಾಷಾ ಅವರಿಗೆ,

ನಿಮ್ಮ ಕಾಗದ ಶಿವಾಜಿನಗರದಿಂದ ಜೋಗುಪಾಳ್ಯಕ್ಕೆ ಬರಲು ಮೂರು ದಿನ ತೆಗೆದುಕೊಂಡಿತು. ನಡೆದು ಬಂದಿದ್ದರೆ ಮಧ್ಯೆ ಎರಡು ಕಡೆ ಟೀ ಕುಡಿದು, ವಾಪಸ್ಸೂ ಹೋಗಬಹುದಿತ್ತು. ಇರಲಿ, ಬರಹದಲ್ಲಿ ಕೇಳಿದ್ದೀರಿ, ಬರಹದಲ್ಲೇ ಹೇಳುತ್ತೇನೆ.

ನನ್ನನ್ನು ಯಾರೂ ಕಳಿಸಿಲ್ಲ. ನಾನು ಇಂದಿರಾನಗರದ ಒಂದು ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂರುತ್ತೇನೆ. ರಜೆ ಸಿಕ್ಕಾಗ ಕ್ಯಾಮೆರಾ ಹಿಡಿದು ತಿರುಗುತ್ತೇನೆ, ಏಕೆಂದರೆ ಮನೆಯಲ್ಲಿ ಕೂತರೆ ಅಮ್ಮ ಗಂಡಿನ ಜಾತಕ ತೆಗೆಯುತ್ತಾಳೆ. ನಮ್ಮದು ಕೆ.ಆರ್. ಪುರಂ ಕಡೆಯ ಮನೆತನ. ನಮ್ಮ ತಾತ ಮುನಿಆಂಜನಪ್ಪ ನಿಮ್ಮ ರಸೆಲ್ ಮಾರ್ಕೆಟ್ಟಿಗೇ ಎತ್ತಿನ ಗಾಡಿಯಲ್ಲಿ ಮೂಲಂಗಿ ತರುತ್ತಿದ್ದವರು. ಬೇಕಾದರೆ ಹಳಬರನ್ನು ವಿಚಾರಿಸಿ.

ಫಿಲ್ಮ್ ಕ್ಯಾಮೆರಾ ಏಕೆ ಎಂದರೆ, ತೆಗೆದ ತಕ್ಷಣ ಕಾಣಿಸುವುದಿಲ್ಲ, ಅದಕ್ಕೇ. ಒತ್ತಿದ ಮೇಲೆ ಮುಗಿಯಿತು, ಕಾಯಬೇಕು. ನಿಮಗೆ ಅನುಮಾನ ತರಿಸಿದ್ದು ಯಾವುದೋ ಅದಕ್ಕಾಗಿಯೇ ನಾನು ಅದನ್ನು ಇಟ್ಟುಕೊಂಡಿರುವುದು. ಆ ದಿನ ಆ ಬೀರು ಗಲ್ಲಿಗೆ ಬಂದಾಗ ನೋಡಿದಿರಾ? ಹೋಗಿ ಬರುವವರೆಲ್ಲ ಕನ್ನಡಿಯ ಮುಂದೆ ಬಂದಾಗ ಒಂದು ಸಲ ಬೇರೆಯವರಾಗುತ್ತಿದ್ದರು. ಕುರಿ ಹೊತ್ತವನು ಕ್ರಾಪು ಸರಿಮಾಡಿಕೊಂಡ. ಜಗಳವಾಡುತ್ತ ಬಂದ ಇಬ್ಬರು ಜಗಳ ನಿಲ್ಲಿಸಿ ಮೀಸೆ ನೋಡಿಕೊಂಡು ಮತ್ತೆ ಶುರುಮಾಡಿದರು. ಆಮೇಲೆ ನೀವು ಬಂದಿರಿ. ನನಗೆ ಕಂಡದ್ದು ನಿಮ್ಮ ಬೆನ್ನು, ಎತ್ತಿದ ಎರಡು ಕೈ, ಕನ್ನಡಿಯಲ್ಲಿ ಝಗ್ಗೆಂದ ಬಿಸಿಲು. ಮಿಕ್ಕಿದ್ದು ಗೊತ್ತಿಲ್ಲ. ಕೈ ತಾನಾಗಿ ಒತ್ತಿತು. ಹನ್ನೊಂದು ವರ್ಷದಿಂದ ಫೋಟೋ ತೆಗೆಯುತ್ತಿದ್ದೇನೆ, ಒತ್ತುವಾಗಲೇ ಇದು ಸಿಕ್ಕಿತು ಎನ್ನಿಸಿದ್ದು ಅದೊಂದೇ. ಅದು ಈಗ ನಿಮ್ಮ ಅಂಗಡಿಯಲ್ಲಿದೆ, ನಾನು ಇಲ್ಲಿ ನಿದ್ದೆಗೆಟ್ಟು ಕೂತಿದ್ದೇನೆ. ಅನುಮಾನ ಪಡುವ ಹಕ್ಕು ನನಗೂ ಇದೆಯಲ್ಲವೇ? ಡಬ್ಬಿ ತೆರೆದು ನೋಡಿದ್ದೀರೋ ಏನೋ ನನಗೇನು ಗೊತ್ತು. ತೆರೆದಿದ್ದರೆ ಬೆಳಕಿಗೆ ಎಲ್ಲ ಸುಟ್ಟುಹೋಗಿರುತ್ತದೆ.

ವಿಶ್ವಾಸವಿರಲಿ,
ಭವ್ಯ

ಶಿರೀನ್, ಇಲ್ಲಿಂದ ಮುಂದಿನದನ್ನು ಓದಿ ಹೇಳಬೇಡಿ. ನೀವಿದ್ದೀರೋ ಇಲ್ಲವೋ ನನಗೆ ಗೊತ್ತಿಲ್ಲ. ಕನ್ನಡಿಯಲ್ಲಿ ಬೀಳುವುದು ನನ್ನ ಬೆನ್ನ ಹಿಂದಿನ ಗಲ್ಲಿ. ಅಲ್ಲಿ ಯಾರಿದ್ದರೆಂದು ಡೆವಲಪ್ ಮಾಡುವವರೆಗೆ ನಾನೂ ಹೇಳಲಾರೆ. ನೀವು ಎಲ್ಲಿ ನಿಂತಿದ್ದಿರಿ? ಮತ್ತೆ, ತಪ್ಪು ತಿಳಿಯಬೇಡಿ, ಇದೆಲ್ಲ ನಿಜಕ್ಕೂ ನಿಮ್ಮ ತಂದೆ ಹೇಳಿ ಬರೆಸಿದ್ದೇ, ಅಥವಾ ನೀವೇ ಕೂಡಿಸಿದ್ದೇ?

•

ಶಿವಾಜಿನಗರ
4 ಆಗಸ್ಟ್ 2025

ಭವ್ಯ ಅವರಿಗೆ,

ವಿಚಾರಿಸಿದೆ. ನಿಮ್ಮ ತಾತನನ್ನು ಬಲ್ಲ ಮುದುಕರು ಮಾರ್ಕೆಟ್ಟಿನಲ್ಲಿ ಒಬ್ಬರು ಉಳಿದಿದ್ದಾರೆ. ಒಳ್ಳೆಯ ಮನುಷ್ಯ, ಆದರೆ ಅವರ ಮೂಲಂಗಿ ಕಟ್ಟಿನಲ್ಲಿ ಗೆಡ್ಡೆಗಿಂತ ಸೊಪ್ಪು ಜಾಸ್ತಿ ಇರುತ್ತಿತ್ತು ಎಂದರು. ನಿಮ್ಮ ಕಾಗದವೂ ಹಾಗೆಯೇ ಇದೆ.

ಎತ್ತಿದ ಎರಡು ಕೈ ಎಂದು ಬರೆದಿದ್ದೀರಿ. ಕೈ ನೋಡಿದವರು ಕೈ ಎಲ್ಲಿತ್ತೆಂದು ನೋಡಿಲ್ಲವೇ? ಕನ್ನಡಿಯಲ್ಲಿ ಬಿಸಿಲು ಎಂದಿರಿ. ಬಿಸಿಲು ಬರುವ ಮೊದಲು ಏನಿತ್ತು? ಸ್ಪಷ್ಟವಾಗಿ ಬರೆಯಿರಿ. ಬೇಕೆಂದೇ ಅರ್ಧ ಹೇಳಿ ಅರ್ಧ ಮುಚ್ಚಿಟ್ಟಿದ್ದೀರಿ ಎಂದು ನನಗನ್ನಿಸುತ್ತದೆ. ನೀವು ಇದನ್ನು ಯಾರಿಗಾದರೂ ವರ್ಣಿಸಿ ಹೇಳಿದ್ದೀರಾ?

ಡಬ್ಬಿ ತೆರೆದಿಲ್ಲ. ಅಂಥ ಮಾತು ಇನ್ನೊಮ್ಮೆ ಬರೆಯಬೇಡಿ. ಹೊಸ ಅರಳೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಸೆಕೆಗೆ ಕೆಡುತ್ತದೆಯೇ ಎಂಬುದನ್ನು ತಿಳಿಸಿ. ಕೆಡುವುದಾದರೆ ಜಾಗ ಬದಲಿಸುತ್ತೇನೆ.

ಇಂತಿ,
ಅಹ್ಮದ್ ಪಾಷಾ

ಶಿರೀನ್. ಮೇಲಿನದರಲ್ಲಿ ನನ್ನದು ಒಂದಕ್ಷರವೂ ಇಲ್ಲ. ಕೊನೆಯ ವಾಕ್ಯ ಕೂಡ ಅವರದೇ. ನಿಮ್ಮ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ, ಆದ್ದರಿಂದ ಬೇಸರವಿಲ್ಲ.

ನಾನಿದ್ದದ್ದು ನಿಮ್ಮ ಹಿಂದಿನ ಸ್ಟೇಷನರಿ ಅಂಗಡಿಯ ಮೆಟ್ಟಿಲ ಮೇಲೆ. ಸ್ಕೂಲಿಗೆ ಚಾರ್ಟ್ ಪೇಪರ್ ಬೇಕಿತ್ತು. ಜೊತೆಗೆ ಮುರಳಿ ಇದ್ದರು, ನಮ್ಮಲ್ಲಿ ಲೆಕ್ಕ ಹೇಳಿಕೊಡುವವರು. ಮನೆಯಲ್ಲಿ ಒಬ್ಬಳೇ ಹೋಗುತ್ತೇನೆ ಎಂದಿದ್ದೆ. ಸುಳ್ಳು ಹೇಳಬೇಕಾದ ವಿಷಯವೇನೂ ಅಲ್ಲ, ಆದರೆ ನಿಜ ಹೇಳಿದರೆ ಹತ್ತು ಪ್ರಶ್ನೆ. ಗಲಾಟೆ ಆದಾಗ ಅಬ್ಬಾ ದನಿ ಕೇಳಿ ಅಂಗಡಿಯ ಒಳಗೆ ಸೇರಿಕೊಂಡೆ. ಅವರು ನೋಡಿಬಿಟ್ಟಿದ್ದಾರೆ, ಈಗ ಖಾತ್ರಿ. ಆ ದಿನದಿಂದ ನನ್ನ ಜೊತೆ ಮಾತಾಡುವಾಗ ಬಾಯಿಗೆ ಟವಲು ಅಡ್ಡ ಹಿಡಿದುಕೊಳ್ಳುತ್ತಾರೆ, ನನ್ನ ಗಾಳಿ ಸೋಕಬಾರದು ಎನ್ನುವಂತೆ. ನನ್ನ ಜೊತೆ ಕೂತು ಊಟ ಮಾಡುವುದಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಬಹುದಿತ್ತು. ಇಪ್ಪತ್ತೇಳು ವರ್ಷ ಸಾಕಿದ ಮಗಳನ್ನು ಒಂದು ಮಾತೂ ಕೇಳದೆ ಹೀಗೆ ಕೂರಿಸಿರುವುದರಿಂದ ನನಗೆ ತುಂಬಾ ನೋವಾಗಿದೆ. ಸ್ಕೂಲಿನಲ್ಲಿ ನನ್ನ ಬದಲಿಗೆ ಬೇರೆಯವರನ್ನು ತೆಗೆದುಕೊಳ್ಳುವ ಮಾತು ನಡೆದಿದೆ. ಆ ಕೆಲಸ ಹೋದರೆ ಮತ್ತೆ ಸಿಗುವುದಿಲ್ಲ.

ರೋಲನ್ನು ಅವರು ಇನ್ನೂ ಸುಟ್ಟುಹಾಕದೆ ಇರುವುದಕ್ಕೆ ಕಾರಣ ಗೊತ್ತೇ? ನೀವು ಕೊಡುವಾಗ ಅಮಾನತ್ ಎಂದಿರಿ. ನೀವು ಸುಮ್ಮನೆ ಬಾಯಿಗೆ ಬಂದದ್ದು ಅಂದಿರಬಹುದು. ನಮ್ಮಲ್ಲಿ ಅಮಾನತ್ ಎಂದು ನಂಬಿ ಕೊಟ್ಟ ವಸ್ತುವನ್ನು ಮುಟ್ಟುವ ಹಾಗಿಲ್ಲ, ತೆರೆಯುವ ಹಾಗಿಲ್ಲ, ಕೆಡಲು ಬಿಡುವ ಹಾಗೂ ಇಲ್ಲ. ಕೊಟ್ಟವರು ಕೇಳಿದ ದಿನ ವಾಪಸ್ ಕೊಡಲೇಬೇಕು. ಅದಕ್ಕೇ ನಿಮ್ಮನ್ನು ಕೇಳಲು ಬಿಡದೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಿದ್ದಾರೆ. ನನ್ನ ಅಮಾನತ್ ಕೊಡಿ ಎಂದು ಒಂದೇ ಸಾಲು ಬರೆಯಿರಿ. ಆಮೇಲೆ ಆ ಫೋಟೋ ತಂದು ಅವರ ಮುಂದೆ ಇಡಿ. ನಾನು ಅದರಲ್ಲಿ ಇಲ್ಲದಿದ್ದರೆ ಒಳ್ಳೆಯದು. ಇದ್ದರೂ ಏನು ಮಾಡುತ್ತಿದ್ದೆ ಎಂದು ಕಾಣುತ್ತದಲ್ಲ, ಕಾಗದ ಕೊಳ್ಳುತ್ತಿದ್ದೆ.

•

ಜೋಗುಪಾಳ್ಯ
11 ಆಗಸ್ಟ್ 2025

ಮಾನ್ಯ ಅಹ್ಮದ್ ಪಾಷಾ ಅವರಿಗೆ,

ಸೆಕೆಗೆ ಕೆಡುತ್ತದೆ. ನಿಮ್ಮ ಹತ್ತಿರ ಇಟ್ಟಿರುವ ನನ್ನ ಅಮಾನತ್ ನನಗೆ ವಾಪಸ್ ಕೊಡಿ.

ಇಂತಿ,
ಭವ್ಯ

ಶಿರೀನ್, ಬರೆದಿದ್ದೇನೆ. ನೀವು ಹೇಳಿಕೊಟ್ಟಿದ್ದನ್ನು ನಾನು ಬರೆಯುವುದು, ನಾನು ಬರೆದದ್ದನ್ನು ನೀವು ಅವರಿಗೆ ಓದುವುದು, ಇದೊಂದು ನಾಟಕದ ಹಾಗಾಗಿದೆ. ಸಿಕ್ಕಿಬಿದ್ದರೆ ಬೈಸಿಕೊಳ್ಳುವವರು ನೀವು. ಜೋಪಾನ. ಇನ್ನೊಂದು ಮಾತು, ಸ್ಕೂಲಿನವರಿಗೆ ಹುಷಾರಿಲ್ಲ ಎಂದಾದರೂ ಒಂದು ಅರ್ಜಿ ಕಳಿಸಿ. ಕ್ಲಿನಿಕ್ಕಿನಲ್ಲಿ ಕೂತು ಸುಳ್ಳು ಜ್ವರ ಎಷ್ಟು ನೋಡಿಲ್ಲ ನಾನು.

•

ಶಿವಾಜಿನಗರ
21 ಆಗಸ್ಟ್ 2025

ಮಾನ್ಯರೇ,

ವಿಷಯ: ಫೋಟೋ ರೋಲನ್ನು ಹಿಂತಿರುಗಿಸುವ ಹಾಗೂ ಸದರಿ ರೋಲಿನಲ್ಲಿರುವ ಒಂದು ಫೋಟೋವನ್ನು ನಾಶಪಡಿಸುವ ಕುರಿತು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಪಕ್ಕದ ಅಂಗಡಿಯ ಟೈಲರ್ ಹುಸೇನಪ್ಪನಾದ ನಾನು ಪಾಷಾ ಭಾಯಿ ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತಿದ್ದೇನೆ. ಇನ್ನು ಮುಂದೆ ಅವರ ಮಾತು.

ಭವ್ಯ ಅವರೇ, ನಿಮ್ಮ ಮೊದಲನೇ ಕಾಗದ ಎರಡು ಹಾಳೆ ಇತ್ತು. ನನ್ನ ಮಗಳು ಅದನ್ನು ಓದಿದಾಗ ಕೊನೆಯ ಅರ್ಧ ಹಾಳೆ ಅವಳ ಬಾಯಿಂದ ಹೊರಗೆ ಬರಲಿಲ್ಲ. ನಾನು ಓದಲಾರೆ, ಆದರೆ ಕಣ್ಣು ಸಾಲಿನ ಮೇಲೆ ಓಡುವುದನ್ನು ನೋಡಬಲ್ಲೆ. ನೀವಿಬ್ಬರೂ ಏನೋ ಬರೆದುಕೊಳ್ಳುತ್ತಿದ್ದೀರಿ. ಏನೆಂದು ಕೇಳುವುದಿಲ್ಲ. ನನಗೆ ಒಂದೇ ಭಯ, ನೀವು ಆ ಫೋಟೋ ಅವಳಿಗೆ ತೋರಿಸುತ್ತೀರಿ ಎನ್ನುವುದು. ಅದಕ್ಕೇ ಹುಸೇನಪ್ಪನ ಹತ್ತಿರ ಬಂದಿದ್ದೇನೆ. ಉತ್ತರವನ್ನು ಅವನ ಅಂಗಡಿಗೇ ಕಳಿಸಿ.

ನೀವು ಅಮಾನತ್ ಕೇಳಿದಿರಿ, ಇದರ ಜೊತೆ ಕಳಿಸಿದ್ದೇನೆ. ಅರಳೆ ಬಿಚ್ಚಿ ನೋಡಿ, ಹೇಗಿತ್ತೋ ಹಾಗೇ ಇದೆ. ಈಗ ನಾನು ಒಂದು ಬೇಡಿಕೊಳ್ಳುತ್ತೇನೆ.

ನನಗೆ ಮೇಲಿನ ಹಲ್ಲು ಒಂದೂ ಇಲ್ಲ. ಎರಡು ವರ್ಷದಿಂದ ಶಿರೀನ್ ಹಲ್ಲಿನ ಸೆಟ್ ಕಟ್ಟಿಸಿಕೊಳ್ಳಿ ಎಂದು ಹಿಂದೆ ಬಿದ್ದಿದ್ದಾಳೆ. ದೇವರು ಕೊಟ್ಟದ್ದನ್ನು ದೇವರು ತೆಗೆದುಕೊಂಡ, ಪ್ಲಾಸ್ಟಿಕ್ ಹಲ್ಲು ಹಾಕಿಕೊಂಡು ಮೆರೆಯುವುದು ಸೋಗು ಎಂದು ನಾನು ಮನೆಯಲ್ಲೂ ಅಂಗಡಿಯಲ್ಲೂ ಭಾಷಣ ಮಾಡಿದ್ದೇನೆ. ಸೆಟ್ ಹಾಕಿಸಿಕೊಂಡ ನನ್ನ ಭಾಮೈದನನ್ನು ಮದುವೆಮನೆಯಲ್ಲಿ ಎಲ್ಲರೆದುರು ಗೇಲಿ ಮಾಡಿದ್ದೇನೆ. ಕೊನೆಗೆ ನಾನೇ ಹೋಗಿ ಕಟ್ಟಿಸಿಕೊಂಡೆ. ಆ ಶನಿವಾರ ಡಾಕ್ಟರು ಹಾಕಿ ಕಳಿಸಿದ್ದರು. ದಾರಿಯಲ್ಲಿ ಕನ್ನಡಿ ಸಿಕ್ಕಿತು. ಗಲ್ಲಿಯಲ್ಲಿ ನನ್ನನ್ನು ಯಾರೂ ನೋಡುತ್ತಿಲ್ಲ ಎಂದುಕೊಂಡು ತುಟಿಯನ್ನು ಎರಡು ಕೈಯಿಂದ ಎತ್ತಿ ನೋಡಿಕೊಂಡೆ. ಚೆನ್ನಾಗಿತ್ತು. ಆಗ ನೀವು ಒತ್ತಿದಿರಿ.

ಇದನ್ನು ಮನೆಯಲ್ಲಿ ಹೇಳಿಲ್ಲ. ಸೆಟ್ ಬಾಯಲ್ಲಿದ್ದಾಗ ಮನೆಗೆ ಹೋದರೆ ಟವಲು ಅಡ್ಡ ಇಟ್ಟುಕೊಳ್ಳುತ್ತೇನೆ. ಅವಳು ದಿನಾ ನಿಮ್ಮ ಜೋಗುಪಾಳ್ಯದ ಮೇಲೇ ಸ್ಕೂಲಿಗೆ ಹೋಗುತ್ತಾಳೆ. ನೀವು ಸಿಕ್ಕಿ, ಹಾ ನೋಡಿ ನಿಮ್ಮಪ್ಪನ ಫೋಟೋ ಎಂದರೆ ನನ್ನ ಗತಿ ಏನು? ಅದಕ್ಕೇ ಅವಳನ್ನು ಮನೆಯಲ್ಲಿ ಕೂರಿಸಿದ್ದೇನೆ. ಅದೊಂದು ಫೋಟೋ ಕತ್ತರಿಸಿ ಸುಟ್ಟುಬಿಡಿ. ನಾಳೆಯೇ ಅವಳನ್ನು ಸ್ಕೂಲಿಗೆ ಕಳಿಸುತ್ತೇನೆ.

ಇಂತಿ,
ಅಹ್ಮದ್ ಪಾಷಾ

ಟಿಪ್ಪಣಿ: ಇದನ್ನು ಬರೆಯುವಾಗ ನಾನು ನಕ್ಕಿಲ್ಲ ಎಂದು ಪಾಷಾ ಭಾಯಿ ಬರೆಯಲು ಹೇಳಿದ್ದಾರೆ. ಹುಸೇನಪ್ಪ.

•

ಜೋಗುಪಾಳ್ಯ
2 ಸೆಪ್ಟೆಂಬರ್ 2025

ಶಿರೀನ್,

ಇದು ನಿಮಗೆ ಮಾತ್ರ. ರೋಲ್ ನನ್ನ ಕೈ ಸೇರಿತು. ಭಾನುವಾರ ಬಚ್ಚಲುಮನೆಯ ಕಿಟಕಿಗೆ ಕಂಬಳಿ ಹೊಡೆದು ಡೆವಲಪ್ ಮಾಡಿದೆ. ನಡುವೆ ಅಮ್ಮ ಎರಡು ಸಲ ಬಾಗಿಲು ಬಡಿದಳು, ಒಳಗೆ ಏನು ನಡೆಸಿದ್ದೀಯೆ ಎಂದು. ಈ ಸಲ ಎಲ್ಲರಿಗೂ ಎಲ್ಲರ ಮೇಲೂ ಅನುಮಾನ.

ಆ ಫೋಟೋ ಬಂದಿದೆ. ನನ್ನ ಜೀವಮಾನದಲ್ಲಿ ನಾನು ತೆಗೆದ ಅತ್ಯುತ್ತಮ ಫೋಟೋ ಅದು. ಮೂರು ದಿನದಿಂದ ಪ್ರಿಂಟನ್ನು ನನ್ನ ಬೀರುವಿನ ಒಳಗೆ ಅಂಟಿಸಿಕೊಂಡು ನೋಡುತ್ತಿದ್ದೇನೆ, ಪ್ರತಿಸಲವೂ ಖುಷಿಯಾಗುತ್ತದೆ. ಇದನ್ನು ಯಾರಿಗೂ ತೋರಿಸಲಾಗದೆ ಹೊಟ್ಟೆಯುಬ್ಬರ ಬಂದಂತಾಗಿದೆ.

ನೀವು ಅದರಲ್ಲಿದ್ದೀರಿ. ಕನ್ನಡಿಯ ಎಡಗಡೆ, ಸ್ಟೇಷನರಿ ಅಂಗಡಿಯ ಮೆಟ್ಟಿಲ ಮೇಲೆ. ಪಕ್ಕದಲ್ಲಿ ಕನ್ನಡಕ ಹಾಕಿದ ಎತ್ತರದ ಒಬ್ಬರು, ಮುರಳಿಯೇ ಇರಬೇಕು. ಕೈಯಲ್ಲಿ ಸುತ್ತಿದ ಚಾರ್ಟ್ ಪೇಪರ್ ಇದೆ, ಸುಳ್ಳು ಹೇಳಿಲ್ಲ ನೀವು. ಆದರೆ ಕಾಗದ ಕೊಳ್ಳುತ್ತಿಲ್ಲ. ಇಬ್ಬರೂ ನಗುತ್ತಿದ್ದೀರಿ. ನಿಮ್ಮ ತಲೆ ಹಿಂದಕ್ಕೆ ಹೋಗಿದೆ, ಬಾಯಿ ಪೂರ್ತಿ ತೆರೆದಿದೆ. ಅಂಥ ನಗು.

ನಿಮ್ಮ ತಂದೆ ನನಗೆ ಬೇರೆಯವರ ಕೈಲಿ ಒಂದು ಕಾಗದ ಬರೆಸಿದ್ದಾರೆ. ಅದರಲ್ಲೇನಿದೆ ಎಂದು ಹೇಳಲಾರೆ, ಗುಟ್ಟಾಗಿಡಿ ಎಂದು ಬೇಡಿಕೊಂಡಿದ್ದಾರೆ. ಇಷ್ಟು ಮಾತ್ರ ಹೇಳುತ್ತೇನೆ, ನೀವು ಅಂದುಕೊಂಡಿರುವ ಕಾರಣಕ್ಕೆ ಅವರು ನಿಮ್ಮನ್ನು ಮನೆಯಲ್ಲಿ ಕೂರಿಸಿಲ್ಲ. ಅವರು ನಿಮ್ಮನ್ನು ಆ ದಿನ ನೋಡಿಯೇ ಇಲ್ಲ. ಫೋಟೋವನ್ನು ಅವರು ಸುಡಲು ಹೇಳಿದ್ದಾರೆ. ನಾನು ಸುಡುವುದಿಲ್ಲ, ಅವರಿಗೇ ಕೊಡುತ್ತೇನೆ, ಅವರ ಮುಖ ಅದು. ಕೊಡುವ ಮೊದಲು ನಿಮ್ಮನ್ನು ಕೇಳುತ್ತಿದ್ದೇನೆ. ಎಡಗಡೆ ಅಂಚು ಕತ್ತರಿಸಿ ಪ್ರಿಂಟ್ ಮಾಡಿದರೆ ನೀವು ಹೋಗುತ್ತೀರಿ. ಫೋಟೋ ಕುಂಟಾಗುತ್ತದೆ, ಆಗಲಿ. ನೆಗೆಟಿವ್ವಿನಲ್ಲೂ ಅಷ್ಟನ್ನು ಕೆರೆದುಬಿಡಬಹುದು. ಹೇಳಿ, ಕತ್ತರಿಸಲಾ?

ನಿಮ್ಮ,
ಭವ್ಯ

•

ಶಿವಾಜಿನಗರ
8 ಸೆಪ್ಟೆಂಬರ್ 2025

ಭವ್ಯ ಅವರಿಗೆ,

ನಿಮ್ಮ ಕಾಗದ ಓದಿ ನನಗೆ ಸಮಾಧಾನವಾಗುತ್ತದೆ ಎಂದು ನೀವು ಅಂದುಕೊಂಡಿದ್ದರೆ ತಪ್ಪು. ಮೊದಲು ನೀವೂ ನಾನೂ ಒಂದು ಕಡೆ ಇದ್ದೆವು. ಈಗ ನೀವೂ ಅಬ್ಬಾನೂ ಒಂದು ಗುಟ್ಟು ಇಟ್ಟುಕೊಂಡಿದ್ದೀರಿ, ಆ ಗುಟ್ಟು ನನ್ನದೇ ಬದುಕಿನ ಬಗ್ಗೆ. ನೀವು ಅಂದುಕೊಂಡ ಕಾರಣಕ್ಕಲ್ಲ ಎನ್ನುತ್ತೀರಿ. ಹಾಗಾದರೆ ಯಾವ ಕಾರಣಕ್ಕೆ? ನನಗೆ ಗಂಡು ನೋಡಿದ್ದಾರೆಯೇ? ಅಮ್ಮಿಯನ್ನು ಕೇಳಿದರೆ ಅವಳಿಗೂ ಗೊತ್ತಿಲ್ಲ. "ನಿಮ್ಮ ಅಬ್ಬಾ ನನ್ನ ಹತ್ರ ಕೂಡ ಟವಲು ಇಟ್ಕೊಂಡೇ ಮಾತಾಡ್ತಾರೆ, ನಾನೇನ್ ತಪ್ಪು ಮಾಡಿದೀನಿ ಅಂತ ಯೋಚ್ನೆ ಮಾಡ್ತಾ ಇದೀನಿ" ಎಂದಳು. ಈ ಮನೆಯಲ್ಲಿ ಒಬ್ಬೊಬ್ಬರೂ ಒಂದೊಂದು ಮೂಲೆಯಲ್ಲಿ ಕೂತು ತಮ್ಮ ತಪ್ಪು ಹುಡುಕುತ್ತಿದ್ದೇವೆ.

ಹೋದ ತಿಂಗಳು ಇಪ್ಪತ್ತೆರಡನೇ ತಾರೀಖು ಅವರು ತಾವಾಗಿಯೇ, "ಸ್ಕೂಲಿಗೆ ಹೋಗೋದಿದ್ರೆ ಹೋಗು" ಎಂದರು. ನಾನು ಹೋಗಲಿಲ್ಲ. ಏಕೆ ನಿಲ್ಲಿಸಿದಿರಿ ಹೇಳಿ, ಆಮೇಲೆ ಹೋಗುತ್ತೇನೆ ಎಂದೆ. ಟವಲು ಬಾಯಿಗಿಟ್ಟುಕೊಂಡು ಎದ್ದುಹೋದರು. ಹೆಡ್‌ಮಿಸ್ ಅಕ್ಟೋಬರ್ 27ರವರೆಗೆ ಕಾಯುತ್ತೇನೆ ಎಂದಿದ್ದಾರೆ. ಕೆಲಸ ಹೋದರೆ ಹೋಗಲಿ ಎಂದು ಬಾಯಲ್ಲಿ ಹೇಳುತ್ತೇನೆ, ರಾತ್ರಿ ಮಕ್ಕಳ ಕಾಪಿ ಪುಸ್ತಕ ನೆನಪಾದರೆ ಅಳು ಬರುತ್ತದೆ. ಆದರೆ ಕಳ್ಳಿಯ ಹಾಗೆ ಕ್ಷಮೆ ಸಿಕ್ಕಿತೆಂದು ಹೋಗಲಾರೆ.

ಕತ್ತರಿಸಬೇಡಿ. ಅಬ್ಬಾ ನಲವತ್ತು ವರ್ಷದಿಂದ ಹಾಸಿಗೆಯ ಬಟ್ಟೆ ಕತ್ತರಿಸುತ್ತಿದ್ದಾರೆ, ಅಂಚು ಹೋಗಿದ್ದರೆ ಅವರಿಗೆ ತಿಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ನಾನು ನಗುತ್ತಿದ್ದೆ ಅಷ್ಟೇ. ನಗುವುದನ್ನು ಕೆರೆದು ತೆಗೆಯಲು ನಾನೇ ಒಪ್ಪಿದರೆ ನಾಳೆ ಇನ್ನೇನನ್ನು ಒಪ್ಪಬೇಕಾದೀತು? ಪೂರ್ತಿ ಕಳಿಸಿ. ಭಯ ಇದೆ. ಕಳಿಸಿ.

ಶಿರೀನ್

•

ಜೋಗುಪಾಳ್ಯ
15 ಸೆಪ್ಟೆಂಬರ್ 2025

ಮಾನ್ಯ ಪಾಷಾ ಅವರಿಗೆ,
ಹುಸೇನಪ್ಪನವರ ಮೂಲಕ (ಓದಿ ಹೇಳುವಾಗ ನಗಬಾರದೆಂದು ವಿನಂತಿ),

ಪ್ರಿಂಟನ್ನೂ ನೆಗೆಟಿವ್ವನ್ನೂ ಇದರ ಜೊತೆ ಇಟ್ಟಿದ್ದೇನೆ. ನನ್ನ ಹತ್ತಿರ ಇನ್ನೊಂದು ಪ್ರತಿ ಇಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಸುಡಲು ನನಗೆ ಕೈ ಬರಲಿಲ್ಲ. ನಿಮಗೆ ಬಂದರೆ ಸುಡಿ. ಈ ಸಲ ಅಮಾನತ್ ಎಂದು ಕೊಡುತ್ತಿಲ್ಲ, ಪೂರ್ತಿಯಾಗಿ ಕೊಟ್ಟುಬಿಟ್ಟಿದ್ದೇನೆ.

ಸುಡುವ ಮೊದಲು ಒಮ್ಮೆ ನೋಡಿ. ಹಲ್ಲು ನೋಡಿದವರಿಗೆ ನಗು ಬರುತ್ತದೆ ಎಂದು ನೀವು ಹೆದರಿದ್ದೀರಿ. ನನಗೂ ಮೊದಲು ನಗು ಬಂತು, ನಿಜ ಹೇಳಬೇಕಲ್ಲ. ಆಮೇಲೆ ನಾನು ನೋಡುತ್ತಿದ್ದದ್ದು ಹಲ್ಲನ್ನಲ್ಲ. ಕ್ಲಿನಿಕ್ಕಿನಲ್ಲಿ ದಿನಾ ನಿಮ್ಮ ವಯಸ್ಸಿನವರನ್ನು ನೋಡುತ್ತೇನೆ. ತಮ್ಮ ಮುಖ ನೋಡಿಕೊಂಡು ಅಷ್ಟು ಸಂತೋಷಪಟ್ಟವರನ್ನು ನಾನು ಕಂಡಿಲ್ಲ.

ನನ್ನ ಫೋಟೋ ಹೋದರೆ ಹೊಟ್ಟೆ ಉರಿಯುತ್ತದೆ, ಮುಚ್ಚಿಡುವುದಿಲ್ಲ. ಆದರೂ ಅದು ಆಮೇಲಿನ ಮಾತು. ನಿಮ್ಮ ಮಗಳು ನೀವು ತನ್ನ ಮೇಲೆ ಅನುಮಾನಪಟ್ಟಿದ್ದೀರಿ ಎಂದು ತಿಳಿದು ಎರಡು ತಿಂಗಳಿಂದ ಕೊರಗುತ್ತಿದ್ದಾಳೆ. ನಿಮ್ಮ ಟವಲನ್ನು ಅವಳು ತನಗೆ ಹಾಕಿದ ಬಹಿಷ್ಕಾರ ಎಂದುಕೊಂಡಿದ್ದಾಳೆ. ಕಾರಣ ಹೇಳದೆ ಸ್ಕೂಲಿಗೆ ಹೋಗುವುದಿಲ್ಲ ಎಂದು ಕೂತಿದ್ದಾಳೆ. ಹಟ ಯಾರ ಕಡೆಯಿಂದ ಬಂದದ್ದೋ ನಿಮಗೇ ಗೊತ್ತು. ಅವಳಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ನೀವೇ ಹೇಳಬೇಕು.

ಇಂತಿ,
ಭವ್ಯ

•

ಮರ್ಫಿ ಟೌನ್, ಸ್ಕೂಲಿನಿಂದ
3 ನವೆಂಬರ್ 2025

ಪ್ರಿಯ ಭವ್ಯ,

ಮೊದಲು ನಿಮ್ಮ ವಿಷಯ. ನೆಗೆಟಿವ್ ಸುಟ್ಟಿಲ್ಲ, ಕ್ಷೇಮವಾಗಿದೆ. ಎಲ್ಲಾದರೂ ಪ್ರದರ್ಶನಕ್ಕೆ ಇಡಬಹುದೇ ಎಂದು ನಿಮ್ಮ ಪರವಾಗಿ ಕೇಳಿದೆ. "ಇಂದಿರಾನಗರದಲ್ಲಿ ಇಟ್ಕೊಳ್ಲಿ, ಅಲ್ಲಿ ನಮ್ಮೋರು ಯಾರೂ ನೋಡೋಕೆ ಹೋಗಲ್ಲ" ಎಂದರು. ಅದನ್ನು ಒಪ್ಪಿಗೆ ಎಂದೇ ತಿಳಿಯಿರಿ.

ನಿಮ್ಮ ಲಕೋಟೆ ಬಂದ ಮೇಲೂ ಅಬ್ಬಾ ಎಷ್ಟೋ ದಿನ ಬಾಯಿ ಬಿಡಲಿಲ್ಲ. ಕೊನೆಗೆ ಹೆಡ್‌ಮಿಸ್ ಕೊಟ್ಟ ಗಡುವು ಮುಗಿಯುವ ಸೋಮವಾರ ಬೆಳಿಗ್ಗೆ ಟವಲಿಲ್ಲದೆ ಅಡಿಗೆಮನೆಗೆ ಬಂದರು. ರಸ್ಕ್ ತೆಗೆದುಕೊಂಡು, ಟೀಯಲ್ಲಿ ಅದ್ದದೆ, ಕಟಕ್ಕೆಂದು ಕಡಿದರು. ಅಮ್ಮಿ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಆಮೇಲೆ ಫೋಟೋ ನನ್ನ ಮುಂದೆ ಇಟ್ಟು, "ನಗ್ಬೇಕಲ್ಲ? ನಗು. ಇವತ್ತೇ ನಕ್ಕು ಮುಗ್ಸು" ಎಂದರು.

ನಕ್ಕೆ ಭವ್ಯ. ಅಮ್ಮಿ ನೆಲದ ಮೇಲೆ ಕೂತುಬಿಟ್ಟಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗುತ್ತಿದ್ದಂತೆಯೇ ನನಗೆ ಕೆಟ್ಟ ಸಿಟ್ಟು ಬಂತು. ಇಷ್ಟಕ್ಕೆ ನನ್ನನ್ನು ಮೂರು ತಿಂಗಳು ಕೂರಿಸಿದಿರಾ, ಮೊದಲೇ ಹೇಳಲು ಏನಾಗಿತ್ತು ಎಂದು ಕೂಗಾಡಿದೆ. ಜೀವನದಲ್ಲಿ ಅವರ ಮೇಲೆ ಹಾಗೆ ಕೂಗಿದ್ದು ಅದೇ ಮೊದಲು.

"ಹೇಳಿದ್ರೆ ನೀನು ನಗ್ತಿದ್ದೆ" ಎಂದರು.

ನಕ್ಕ ಕಣ್ಣೀರಿಗೆ ನನ್ನ ಕೆನ್ನೆ ಇನ್ನೂ ಒದ್ದೆಯಾಗಿತ್ತು. ಮಗಳನ್ನು ಅನುಮಾನಿಸುವ ಅಪ್ಪ ಎನ್ನಿಸಿಕೊಳ್ಳುವುದು ಅವರಿಗೆ ಸಲೀಸಾಗಿತ್ತು, ನಗೆಪಾಟಲಾಗುವುದು ಆಗಿರಲಿಲ್ಲ. ಇದನ್ನು ನಾನು ಕ್ಷಮಿಸಿದ್ದೇನೋ ಇಲ್ಲವೋ ಇನ್ನೂ ಗೊತ್ತಿಲ್ಲ.

ಆಗ ಫೋಟೋದ ಎಡಗಡೆ ನನ್ನನ್ನು ನೋಡಿದೆ. ಮುಚ್ಚಿಡಬಹುದಿತ್ತು. ಅವರು ಎಲ್ಲ ಬಿಟ್ಟು ಹಲ್ಲನ್ನೇ ನೋಡುತ್ತಿದ್ದರು. ಆದರೆ ಅವರು ತಮ್ಮ ಮಾನವನ್ನು ಮೇಜಿನ ಮೇಲೆ ಇಟ್ಟು ಕೂತಿರುವಾಗ ನಾನು ಸುಮ್ಮನಿರುವುದು ಸರಿಯೆನ್ನಿಸಲಿಲ್ಲ. ಬೆರಳಿಟ್ಟು ತೋರಿಸಿ, "ಅಬ್ಬಾ, ಇದು ನಾನು" ಎಂದೆ.

ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಅಮ್ಮಿಯೂ ನಗು ನಿಲ್ಲಿಸಿದಳು.

"ಪಕ್ಕದಲ್ಲಿ ಯಾರು?"

"ಮುರಳಿ ಸರ್. ನಮ್ಮ ಸ್ಕೂಲಿನವ್ರು. ಚಾರ್ಟ್ ಪೇಪರ್ ತಗೊಳ್ಳೋಕೆ ಬಂದಿದ್ವಿ."

"ನಗ್ತಾ ಇದಾನೆ."

"ಹೂಂ."

"ನನ್ನ ಹಲ್ಲು ನೋಡಿ ನಕ್ಕಿದ್ದಾ?"

"ಇಲ್ಲ ಅಬ್ಬಾ. ನಿಮ್ಮನ್ನ ನಾವು ನೋಡ್ಲೇ ಇಲ್ಲ."

"ಹಂಗಾದ್ರೆ ಸರಿ. ಹೊರಡು, ಬೆಲ್ ಹೊಡೆದ್ಬಿಡ್ತಾರೆ."

ಅವರಿಗೆ ಹೊಳೆದದ್ದು ನಿಜವಾಗಿಯೂ ಅಷ್ಟೆಯೋ, ಅಥವಾ ಕೇಳಬೇಕಾದ್ದನ್ನು ನುಂಗಿಕೊಂಡು ಅದೊಂದನ್ನು ಕೇಳಿದರೋ, ನನಗೆ ತಿಳಿಯಲಿಲ್ಲ. ಮೂರು ತಿಂಗಳಿಂದ ಹಾಸಿಗೆಯಲ್ಲಿ ಹೊರಳಾಡಿ ಸಿದ್ಧಮಾಡಿಕೊಂಡಿದ್ದ ಉತ್ತರಗಳನ್ನು ಅವರು ಕೇಳಲೇ ಇಲ್ಲ. ಬ್ಯಾಗ್ ತೆಗೆದುಕೊಂಡು ಚಪ್ಪಲಿ ಮೆಟ್ಟಿದೆ. ಬಾಗಿಲಲ್ಲಿ ತಿರುಗಿ ನೋಡಿದರೆ ಅಬ್ಬಾ ಇನ್ನೂ ಫೋಟೋ ಹಿಡಿದುಕೊಂಡೇ ಇದ್ದರು. ಅವರ ಹೆಬ್ಬೆರಳು ತಮ್ಮ ಮುಖವನ್ನು ಪೂರ್ತಿ ಮುಚ್ಚಿತ್ತು. ಅವರು ನೋಡುತ್ತಿದ್ದದ್ದು ನನ್ನನ್ನು.

ಪ್ರೀತಿಯಿಂದ,
ಶಿರೀನ್